ಕೆಮ್ಮಿನಕ್ಕ ಕೆಮ್ಮದ ದಿನ

ನಮ್ಮ ದೊಡ್ಡಮ್ಮ ತನ್ನ ನೆರಳನ್ನೂ ಪೂರ್ತಿ ನಂಬಿದವಳಲ್ಲ. ಸೊಪ್ಪು ಎಲ್ಲಿ ತಂದೆ ಅಂತ ಕೇಳಿದರೆ "ಅಲ್ಲೇ" ಅನ್ನುತ್ತಿದ್ದಳು. ಎಷ್ಟಕ್ಕೆ ಅಂದರೆ "ಕೊಟ್ಟಷ್ಟಕ್ಕೆ". ಒಮ್ಮೆ ಜ್ವರ ಬಂದು, ಡಾಕ್ಟರು ಏನಾಗ್ತಿದೆ ಅಂತ ಕೇಳಿದ್ದಕ್ಕೆ "ಅದನ್ನ ಹೇಳೋಕೇ ತಾನೇ ನಿಮಗೆ ಫೀಸು" ಅಂದು ಬಾಯಿ ಮುಚ್ಚಿ ಕೂತಳು. ಅವಳ ತಂಗಿ, ಅಂದರೆ ನಮ್ಮಮ್ಮ, ಇದನ್ನೆಲ್ಲ "ತಾನು ಕಳ್ಳ, ಪರರ ನಂಬ" ಎಂಬ ಗಾದೆಯಲ್ಲಿ ಮುಗಿಸಿಬಿಡುತ್ತಿದ್ದಳು. ಗಾದೆ ಹೇಳುವವರು ತಮ್ಮನ್ನು ಬಿಟ್ಟೇ ಹೇಳುತ್ತಾರೆ. ನಮ್ಮಮ್ಮನೂ ಅದೇ ಮಣ್ಣಿನ ಮಡಕೆ.

ದೊಡ್ಡಮ್ಮನದು ಹಳೇ ಬಟ್ಟೆಯ ವ್ಯಾಪಾರ. ಸ್ಟೇಷನ್ ಹಿಂದಿನ ಗೋದಾಮಿಗೆ ವಾರಕ್ಕೊಮ್ಮೆ ಲಾರಿಯಲ್ಲಿ ಮೂಟೆಗಳು ಬರುತ್ತಿದ್ದವು, ಗೋಣಿ ಹೊಲಿದು ಹಗ್ಗ ಬಿಗಿದವು. ಒಳಗೆ ಉಣ್ಣೆಯ ಕೋಟುಗಳಿರಬಹುದು, ಇಲಿ ಕಡಿದ ಪರದೆಗಳಿರಬಹುದು. ಹರಾಜು ಕೂಗುವ ಮುಂಚೆ ಮೂಟೆಯನ್ನು ಮುಟ್ಟಬಹುದು, ಒತ್ತಬಹುದು, ಹೊಲಿಗೆ ಮಾತ್ರ ಬಿಚ್ಚುವಂತಿಲ್ಲ. ಕೊಂಡ ಮೇಲೆ ನಿಮ್ಮ ಹಣೆಬರಹ. ದೊಡ್ಡಮ್ಮ ಹೆಬ್ಬೆರಳಿನಿಂದ ಒತ್ತಿ, ಹೊಲಿಗೆಗೆ ಮೂಗು ತಾಗಿಸಿ ಮುಂದೆ ಹೋಗುತ್ತಿದ್ದಳು. ಉಣ್ಣೆ ಒತ್ತಿದರೆ ನಿಧಾನಕ್ಕೆ ಮೇಲೇಳುತ್ತದೆ, ನೆಂದ ಬಟ್ಟೆ ಒತ್ತಿದಲ್ಲೇ ಕೂರುತ್ತದೆ. ಇದು ನಾನು ನೋಡಿ ಕಲಿತದ್ದು. ಅವಳು ಹೇಳಿಕೊಡಲಿಲ್ಲ, ಹೇಳಿಕೊಡುವ ಪೈಕಿಯೂ ಅಲ್ಲ.

ಅವಳ ಮೂಗಿಗಿಂತ ಹೆಸರುವಾಸಿಯಾದದ್ದು ಅವಳ ಕೆಮ್ಮು. ಹಿಂದೊಮ್ಮೆ ನೂಲಿನ ಧೂಳು ಗಂಟಲಿಗೆ ಹೋಗಿ, ಒಂದು ಮೂಟೆಯ ಎದುರು ನಿಜವಾಗಿಯೇ ಕೆಮ್ಮಿದಳಂತೆ. ಯಾರಿಗೋ ಸನ್ನೆ ಮಾಡಿದಳು ಅಂತ ಉಳಿದವರು ಅಂದುಕೊಂಡರು. ಬೆಲೆ ಏರಿತು. ಕಂಬಳಿ ವ್ಯಾಪಾರಿಯೊಬ್ಬ ಅದನ್ನು ಹಿಡಿದು, ಬಿಚ್ಚಿ ನೋಡಿ, ತಲೆ ಮೇಲೆ ಕೈ ಹೊತ್ತು ಕೂತ. ಬರೀ ಚಿಂದಿ. ಅಷ್ಟು ಸಾಕಿತ್ತು ದೊಡ್ಡಮ್ಮನಿಗೆ. ಆಮೇಲೆ ಕೆಟ್ಟ ಮೂಟೆಗೆಲ್ಲ ಕೆಮ್ಮತೊಡಗಿದಳು. ಜನ ಬುದ್ಧಿ ಕಲಿತು, ಅವಳು ಕೆಮ್ಮಿದ್ದನ್ನು ಬಿಟ್ಟು ದೂರ ನಿಂತರು. ಆಗ ಒಳ್ಳೇ ಮೂಟೆಗೆ ಕೆಮ್ಮಿ, ಅಗ್ಗಕ್ಕೆ ಹೊಡೆದುಕೊಂಡಳು. ಹೀಗೆ ಎರಡೂ ಕಡೆ ಚಳ್ಳೆಹಣ್ಣು ತಿನ್ನಿಸಿ, ಗೋದಾಮಿಗೆಲ್ಲ ಕೆಮ್ಮಿನಕ್ಕ ಆದಳು. ಯಾವ ಕೆಮ್ಮಿಗೆ ಯಾವ ಅರ್ಥ ಅಂತ ಕಡೆಗೆ ಯಾರಿಗೂ ತಿಳಿಯದೆ, ಎಲ್ಲರೂ ಮೂಟೆ ಬಿಟ್ಟು ಅವಳ ಬಾಯನ್ನೇ ನೋಡುತ್ತಿದ್ದರು.

ನಮ್ಮಮ್ಮ ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್ ಮುಚ್ಚಿದ್ದು ಆ ವರ್ಷವೇ. ಅವಳು ಕೈಬಳೆ ಮಾರಿ, ತಾನೂ ಒಂದು ಅಂಗಡಿ ಇಡುತ್ತೇನೆಂದು ಹೊರಟಳು. ಬಂದ ದುಡ್ಡು ಒಂದು ಮೂಟೆಗೆ ಸಾಲುವಷ್ಟು. ಅದು ಕೆಟ್ಟರೆ ಬಳೆಯೂ ಇಲ್ಲ, ಅಂಗಡಿಯೂ ಇಲ್ಲ. ಅಕ್ಕನನ್ನು ಒಂದು ಮಾತು ಕೇಳು ಅಂದೆ.

"ಕೇಳಿದ್ರೆ ಸುಳ್ಳು ಹೇಳ್ತಾಳೆ. ಕೇಳದಿದ್ರೆ ಸುಮ್ನಿರ್ತಾಳೆ. ಸುಮ್ನಿರೋದೇ ವಾಸಿ" ಅಂದಳು.

ಹರಾಜಿನ ದಿನ ಅಮ್ಮ ಮೂಟೆಗಳನ್ನು ನೋಡಲಿಲ್ಲ, ಅಕ್ಕನನ್ನು ನೋಡಿದಳು. ನೀಲಿ ಪಟ್ಟಿಯ ಒಂದು ಮೂಟೆಯ ಹತ್ತಿರ ದೊಡ್ಡಮ್ಮ ಎರಡು ಸಲ ಹೋಗಿ ಮೂಸಿದಳು. ಅಮ್ಮ ನನ್ನ ಮೊಣಕೈ ತಿವಿದಳು. ಅವಳು ಮನಸ್ಸು ಮಾಡಿದ್ದು ಅಷ್ಟರಲ್ಲೇ.

ದೊಡ್ಡಮ್ಮ ನೇರ ನಮ್ಮ ಬೆಂಚಿಗೆ ಬಂದಳು. ಕೆಮ್ಮಲಿಲ್ಲ. ಬಗ್ಗಿ ಮೆಲ್ಲಗೆ ಅಂದಳು, "ನೀಲಿ ಪಟ್ಟೀದು ಬೇಡ ಕಣೆ. ಒಳಗೆ ನೆಂದಿದೆ. ಮುಗ್ಗಲು ನಾತ."

"ನಿನಗೆ ಬೇಕಾ?" ಅಂದಳು ಅಮ್ಮ.

"ನನಗೂ ಬೇಡ."

"ಬೇಡದ್ದನ್ನ ಎರಡು ಸಲ ಯಾಕೆ ಮೂಸಿದೆ?"

"ನಾನು ಒಂದು ಸಲ ಮೂಸಿದ್ದಕ್ಕೇ ನೀನು ಅದನ್ನೇ ನೋಡ್ತಿದ್ದೆ. ನಿನಗೋಸ್ಕರ ಇನ್ನೊಂದು ಸಲ ನೋಡಿದೆ."

"ನನಗೋಸ್ಕರ ನೀನು ಯಾವತ್ತು ಏನು ಮೂಸಿದ್ದೀಯ?"

"ಅಪ್ಪನಾಣೆ" ಅಂದಳು ದೊಡ್ಡಮ್ಮ.

"ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತು. ಅವರಿಗೇನು ನಷ್ಟ" ಅಂದು ಅಮ್ಮ ಮುಖ ತಿರುಗಿಸಿದಳು. ನನಗೆ ನಗು ಬಂತು. ದೊಡ್ಡಮ್ಮನ ಮುಖ ನೋಡಿದ ಮೇಲೆ ನಿಂತುಹೋಯಿತು.

ನೀಲಿ ಪಟ್ಟಿಯದನ್ನು ಕೂಗಿದಾಗ ಅಮ್ಮ ಕೈ ಎತ್ತಿದಳು. ಬೇರೆ ಯಾರೂ ಎತ್ತಲಿಲ್ಲ, ಎಲ್ಲರ ಕಣ್ಣೂ ಕೆಮ್ಮಿನಕ್ಕನ ಬಾಯ ಮೇಲೆ. ಹರಾಜಿನವನು ಇನ್ನೇನು ಅಮ್ಮನ ಹೆಸರಿಗೆ ಮುಗಿಸಬೇಕು, ಅಷ್ಟರಲ್ಲಿ ದೊಡ್ಡಮ್ಮ ಕೈ ಎತ್ತಿಬಿಟ್ಟಳು.

"ಕಂಡೆಯಾ, ಬೇಡವಂತೆ" ಅಂದಳು ಅಮ್ಮ ನನಗೆ, ಗೆದ್ದವಳ ಧ್ವನಿಯಲ್ಲಿ. ಮತ್ತೆ ಏರಿಸಿದಳು. ದೊಡ್ಡಮ್ಮ ಇನ್ನೂ ಏರಿಸಿದಳು. ತಂಗಿಯನ್ನು ಆ ಮೂಟೆಯಿಂದ ಬಿಡಿಸಲು ಅವಳಿಗಿದ್ದದ್ದು ಅದೊಂದೇ ದಾರಿ. ಆದರೆ ಅವಳು ಏರಿಸಿದಷ್ಟೂ ಒಳಗೆ ಚಿನ್ನವೇ ಇದೆ ಅಂತ ಅಮ್ಮನಿಗೆ ಖಾತ್ರಿಯಾಗುತ್ತಾ ಹೋಯಿತು. ಬೆಲೆ ಬಳೆಯ ದುಡ್ಡನ್ನು ದಾಟಿದಾಗ ಅಮ್ಮನ ಕೈ ಇಳಿಯಿತು. ದೊಡ್ಡಮ್ಮ ಕೊಳೆತ ಮೂಟೆಯನ್ನು ಒಳ್ಳೇ ಮೂಟೆಯ ಬೆಲೆಗೆ ಕೊಂಡಳು. ಅಮ್ಮ ಒಂದು ಕ್ಷಣವೂ ನಿಲ್ಲದೆ ಮನೆಗೆ ನಡೆದಳು.

ಮರುದಿನ ದೊಡ್ಡಮ್ಮ ತಾನೇ ಬಂದು, ಕೈ ಹಿಡಿದು, ನಮ್ಮಿಬ್ಬರನ್ನೂ ತನ್ನ ಅಂಗಡಿಗೆ ಕರೆದುಕೊಂಡು ಹೋದಳು. ಮೂಟೆ ಹಾಗೇ ಇತ್ತು, ಹಗ್ಗ ಸಮೇತ. ನಮ್ಮ ಕಣ್ಣೆದುರೇ ಕೊಯ್ದಳು. ಒಂದಕ್ಕೊಂದು ಅಂಟಿದ ಕೋಟುಗಳು, ಒಳಪದರಿನಲ್ಲಿ ಕಪ್ಪು ಬೂಷ್ಟು, ಬಾಗಿಲವರೆಗೂ ನಾತ. ನಾನು ಮೂಗು ಮುಚ್ಚಿಕೊಂಡೆ. ಅಮ್ಮ ಮುಚ್ಚಿಕೊಳ್ಳಲಿಲ್ಲ, ಗೋಣಿಯ ಹೊಲಿಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಒಳ್ಳೇ ಮಾಲು ಎಲ್ಲಿಟ್ಟೆ?" ಅಂದಳು.

"ಇದೇ ಕಣೆ ಮಾಲು."

"ಗೋಣಿ ಬಿಚ್ಚಿ ಹೊಲಿಯೋದು ನಿನಗೆ ಹೊಸದಾ?"

ದೊಡ್ಡಮ್ಮ ನನ್ನ ಕಡೆ ತಿರುಗಿದಳು. ಅಂಥವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. "ನೀನಾದ್ರೂ ಹೇಳೆ ಮಗಳೆ."

"ದೊಡ್ಡಮ್ಮ ನಿಜ ಹೇಳ್ತಿದ್ದಾಳಮ್ಮ" ಅಂದೆ. "ನಿನ್ನ ದುಡ್ಡು ಉಳಿಸೋಕೆ ತನ್ನ ದುಡ್ಡು ಕಳ್ಕೊಂಡಿದ್ದಾಳೆ."

ಅಮ್ಮ ಗೋಣಿಯನ್ನು ಕೆಳಗಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಹರಾಜಿನಲ್ಲಿ ಮೂಟೆ ನೋಡುವ ಹಾಗೆ.

"ನಿನ್ನನ್ನ ಎಷ್ಟಕ್ಕೆ ಕೊಂಡಳು?" ಅಂತ ಕೇಳಿದಳು.