ಚೀಟಿ ಮೇಡಂ ಬರೆದ ಖಾರದ ಪತ್ರ

ಗ್ರಂಥಾಲಯದಲ್ಲಿ ಎಲ್ಲರೂ ಆಕೆಯನ್ನು ಚೀಟಿ ಮೇಡಂ ಎನ್ನುತ್ತಿದ್ದರು. ಪುಸ್ತಕದ ಬೆನ್ನಿಗೆ ಅಂಟಿಸುವ ಹೆಸರು, ನಂಬರಿನ ಚೀಟಿಗಳನ್ನು ಬರೆದು ಬರೆದು ಬೆರಳು ಮರಗಟ್ಟಿದಾಗ, ಆಕೆ ಒಂದು ರಜೆಯಿಡೀ ಕೂತು ಆ ಕೆಲಸಕ್ಕೊಂದು ಸಾಫ್ಟ್‌ವೇರ್ ಬರೆದರು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಕೋಡ್ ಸಮೇತ ಅಂತರ್ಜಾಲದಲ್ಲಿ ಬಿಟ್ಟರು. ಆರು ವರ್ಷದಲ್ಲಿ ಹೆಸರೇ ಕೇಳದ ಊರುಗಳ ಗ್ರಂಥಾಲಯಗಳೂ ಅದನ್ನು ಬಳಸತೊಡಗಿದವು. ಥ್ಯಾಂಕ್ಸ್ ಎಂದವರು ಬೆರಳೆಣಿಕೆಯಷ್ಟು, ಬೈದವರಿಗೆ ಲೆಕ್ಕವಿಲ್ಲ. ನಿನ್ನೆಯೇ ಬರೆದಿದ್ದೆ, ಸತ್ತಿದ್ದೀರಾ ಎಂದು ಒಬ್ಬ ಕೇಳಿದ್ದ. ಬದುಕಿದ್ದೇನೆ, ನೋಡುತ್ತೇನೆ ಎಂದು ಆಕೆ ಉತ್ತರಿಸಿದ್ದರು.

"ಪುಕ್ಕಟೆ ಕೊಟ್ಟು ಬೈಸಿಕೊಳ್ಳೋಕೆ ನಿನ್ನಂಥವಳೇ ಬೇಕು," ಎನ್ನುತ್ತಿದ್ದರು ಟೈಲರ್ ಗಂಡ, ಸೂಜಿಗೆ ದಾರ ಪೋಣಿಸುತ್ತ.

ಹೊಸ ಮುಖ್ಯಸ್ಥರು ಬಂದ ವಾರವೇ ಉದ್ದ ಹೆಸರಿನ ಪುಸ್ತಕಗಳ ಚೀಟಿಗಳಲ್ಲಿ ಹೆಸರು ಅರ್ಧಕ್ಕೇ ಕತ್ತರಿಸಿಕೊಂಡು ಬಂತು. ಸಾಫ್ಟ್‌ವೇರ್ ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಮೇಡಂ ಬಾಯಿ ತೆರೆಯುವ ಮೊದಲೇ ಅವರೆಂದರು: "ಇದನ್ನ ಮಾಡಿದ ಸೋಮಾರಿಗೆ ಖಾರವಾಗಿ ಒಂದು ಪತ್ರ ಬರೀರಿ. ಮೆತ್ತಗೆ ಹೇಳಿದ್ರೆ ಇಂಥೋರಿಗೆ ಕಿವಿ ಕೇಳಲ್ಲ."

ಮೇಡಂ ಕೂತು ಬರೆದೇಬಿಟ್ಟರು. ಆ ಧಾಟಿ ಆಕೆಗೆ ಬಾಯಿಪಾಠವಾಗಿತ್ತು, ಪದ ಹುಡುಕಬೇಕಾಗಲಿಲ್ಲ. ಎಲ್ಲರೂ ದೂರು ಬರೆಯುವ ಪುಟಕ್ಕೆ ಕಚೇರಿಯ ಹೆಸರಿನಲ್ಲಿ ಅದನ್ನು ಹಾಕಿದಾಗ ಒಳಗೊಳಗೇ ಹಾಯೆನಿಸಿತು ಕೂಡ.

ಊಟದ ಹೊತ್ತಿಗೆ ಉತ್ತರ ಬಂದಿತ್ತು. ಬರೆದವಳು ದೂರದ ದೇಶದ ಒಬ್ಬ ನರ್ಸ್. ಬಿಡುವಿದ್ದಾಗ ಈ ಸಾಫ್ಟ್‌ವೇರಿನ ತಪ್ಪು ತಿದ್ದಿ ಕಳಿಸುವವಳು. "ಇದನ್ನು ಮಾಡಿದವರು ನಿಮ್ಮ ಮನೆಯ ಆಳಲ್ಲ. ಹೆಸರು ಎಷ್ಟು ಉದ್ದ, ಪ್ರಿಂಟರ್ ಯಾವುದು ಎಂದು ಮರ್ಯಾದೆಯಿಂದ ಬರೆಯಿರಿ, ನಾನೇ ನೋಡುತ್ತೇನೆ."

ಮೇಡಂಗೆ ಕಣ್ಣು ತುಂಬಿತು. ಬೆನ್ನಿಗೇ ನಾಚಿಕೆಯೂ ಆಯಿತು. ಈ ನರ್ಸ್ ಮೊದಲ ಸಲ ಕಳಿಸಿದ ತಿದ್ದುಪಡಿಯನ್ನು "ಸರಿಯಿಲ್ಲ, ಮತ್ತೆ ಮಾಡಿ" ಎಂದು ಮುಖಕ್ಕೆ ಹೊಡೆದಂತೆ ತಿರುಗಿಸಿದ್ದವರು ಆಕೆಯೇ.

ಉತ್ತರ ಓದಿ ಮುಖ್ಯಸ್ಥರ ಮುಖ ಕೆಂಪಾಯಿತು. ಎರಡನೆಯ ಪತ್ರವನ್ನು ತಾವೇ ಹೇಳಿ ಬರೆಸಿದರು. ಅದರಲ್ಲಿ ನಾಲ್ಕು ಕಡೆ ದಯವಿಟ್ಟು ಇತ್ತು. ಎರಡು ದಿನಕ್ಕೆ ನರ್ಸ್ ತಿದ್ದುಪಡಿ ಕಳಿಸಿದಳು. ಮೇಡಂ ಅದನ್ನು ಪರೀಕ್ಷಿಸಿ ಸೇರಿಸಿ, ಆಕೆಗೆ ಉದ್ದನೆಯ ಪತ್ರ ಬರೆದು ಹಳೆಯದಕ್ಕೆಲ್ಲ ಕ್ಷಮೆ ಕೇಳಿದರು. ಖಾರದ ಪತ್ರ ಬರೆದ ಕೈಯೂ ತನ್ನದೇ ಎಂದು ಒಪ್ಪಿಕೊಂಡರು.

ಮರುದಿನ ಚೀಟಿಯಲ್ಲಿ ಹೆಸರು ಪೂರ್ತಿ ಬಂತು. ಮುಖ್ಯಸ್ಥರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ನೋಡಿದ್ರಾ, ಮರ್ಯಾದೆ ಕೊಟ್ಟು ಕೇಳಿದ್ರೆ ಕೆಲಸ ಆಗುತ್ತೆ. ನೀವು ಬರೆದದ್ದು ಸ್ವಲ್ಪ ಒರಟಾಯ್ತು."

"ಹೌದು ಸರ್, ತಿದ್ಕೋತೀನಿ," ಎಂದರು ಮೇಡಂ, ಮುಂದಿನ ಪುಸ್ತಕಕ್ಕೆ ಅಂಟು ಹಚ್ಚುತ್ತ.