ಮೂಗು ತೂರಿಸಿದವಳು

ಬಿಸ್ಕತ್ತು ಕಾರ್ಖಾನೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಅವಳು ಬಾಯಿ ತೆರೆದರೆ ಎದುರಿಗಿದ್ದವರ ಮಾತು ಎರಡು ತುಂಡು. ಅಡ್ಡಹೆಸರು ಕಿವಿಗೆ ಬಿದ್ದರೂ ಬೀಳದಂತೆ ಇರುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು.

ಗೋಧಿಹಿಟ್ಟು, ತೌಡು, ಬಿಸ್ಕತ್ತು ಏನೇ ಬರಲಿ, ಅದರಲ್ಲಿ ಎಣ್ಣೆಯ ಅಂಶ ಎಷ್ಟಿದೆ ಎಂದು ಹೇಳುವುದು ಅವಳ ಕೆಲಸ. ಪುಡಿಯನ್ನು ದಪ್ಪ ಕಾಗದದ ಕೊಳವೆಗೆ ತುಂಬಿ ಗಾಜಿನ ಉಪಕರಣದೊಳಗೆ ಇಳಿಸಬೇಕು. ಕೆಳಗಿನ ಗಾಜಿನ ಬುರುಡೆಯಲ್ಲಿ ಹೆಕ್ಸೇನ್ ಎಂಬ, ಸಣ್ಣ ಕಿಡಿ ಸೋಕಿದರೂ ಭುಗ್ಗೆನ್ನುವ ದ್ರಾವಕ ಕುದಿಯುತ್ತದೆ. ಅದರ ಆವಿ ಮೇಲೇರಿ, ತಣ್ಣೀರು ಹರಿಯುವ ಕೊಳವೆಗೆ ತಾಗಿ ಹನಿಯಾಗಿ ಪುಡಿಯ ಮೇಲೆ ಬೀಳುತ್ತದೆ, ಎಣ್ಣೆಯನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಕೊನೆಗೆ ಬುರುಡೆಯನ್ನು ಕರೆಂಟಿನ ಒಲೆಪೆಟ್ಟಿಗೆಯಲ್ಲಿಟ್ಟು ಹೆಕ್ಸೇನ್ ಹಾರಿಹೋಗುವಂತೆ ಚೆನ್ನಾಗಿ ಒಣಗಿಸಿದರೆ ತಳದಲ್ಲಿ ಬರೀ ಎಣ್ಣೆ. ಅದನ್ನು ತೂಗಿದರೆ ಮುಗಿಯಿತು. ಮದುವೆಗೆ ಮುಂಚಿನಿಂದಲೂ ಅವಳು ಇದನ್ನೇ ಮಾಡಿಕೊಂಡು ಬಂದವಳು.

ಮೈದುನನ ಹೆಂಡತಿಗೆ ಅಲ್ಲೇ ಕೆಲಸ ಕೊಡಿಸಿದ್ದೂ ಅವಳೇ. ಹಗಲೆಲ್ಲ ಮನೆಯಲ್ಲಿ ಕೂತು ಅತ್ತೆಯ ಕಿವಿ ಕಚ್ಚದಿರಲಿ ಎಂಬ ಲೆಕ್ಕಾಚಾರ. ಆದರೆ ಅದು ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಓರಗಿತ್ತಿ ಕೆಲಸ ಬೇಗ ಕಲಿತಳು. ಕಲಿತದ್ದನ್ನು ಬಾಯಿ ಮುಚ್ಚಿಕೊಂಡು ಮಾಡುವ ಜಾಯಮಾನ ಅವಳದ್ದಲ್ಲ.

ಒಂದು ದಿನ ಕತ್ತರಿ ತೂಗಲು ಇಟ್ಟಿದ್ದ ಬುರುಡೆಯನ್ನು ಓರಗಿತ್ತಿ ಎತ್ತಿ ಮೂಸಿದಳು.

"ಅಕ್ಕ, ಇದು ಸರಿಯಾಗಿ ಒಣಗಿಲ್ಲ. ಇನ್ನೂ ಹೆಕ್ಸೇನ್ ನಾತ ಹೊಡೀತಿದೆ. ಹೀಗೇ ತೂಗಿದ್ರೆ ಎಣ್ಣೆ ಜಾಸ್ತಿ ತೋರಿಸುತ್ತೆ."

"ನೀನು ಹುಟ್ಟೋ ಮುಂಚೆಯಿಂದ ತೂಗ್ತಿದ್ದೀನಿ. ಎಲ್ಲದಕ್ಕೂ ಮೂಗು ತೂರಿಸ್ಬೇಡ," ಎಂದು ಕತ್ತರಿ ಬುರುಡೆ ಕಿತ್ತುಕೊಂಡಳು. ಲ್ಯಾಬಿನ ಮುಖ್ಯಸ್ಥರು ತಲೆಯೆತ್ತಿ ನೋಡಿದರು. ಕತ್ತರಿಯ ಮೈಯೆಲ್ಲ ಉರಿದುಹೋಯಿತು.

ಆ ಬುರುಡೆಯಿಂದ ಅವಳಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಸಂಜೆ ಬಚ್ಚಲಿನ ಬಾಗಿಲು ಹಾಕಿಕೊಂಡು ಸಾಬೂನು ಮೂಸಿದಳು. ಯಾರೂ ಇಲ್ಲದಾಗ ಬೆಳ್ಳುಳ್ಳಿ ಜಜ್ಜಿ ಮೂಸಿದಳು, ಗಂಡನ ಬೆವರಿನ ಅಂಗಿ ಮೂಸಿದಳು. ಮೂಗು ಮುಖದ ಮೇಲೆ ಇತ್ತು, ಅಷ್ಟೇ. ಈ ಮಾತನ್ನು ಗಂಡನಿಗೂ ಹೇಳಲಿಲ್ಲ.

ಆದರೆ ಒಂದೇ ಅಡುಗೆಮನೆಯಲ್ಲಿ ಎಷ್ಟು ದಿನ ಮುಚ್ಚಿಡಲಾದೀತು? ಒಲೆಯ ಮೇಲೆ ಹಾಲು ಸೀದು ಕಪ್ಪಾಗುತ್ತಿತ್ತು, ಕತ್ತರಿ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಓರಗಿತ್ತಿ ಓಡಿ ಬಂದು ಒಲೆ ಆರಿಸಿದಳು. ಪಾತ್ರೆ ನೋಡಿದಳು, ಆಮೇಲೆ ಇವಳ ಮುಖ ನೋಡಿದಳು.

"ಅಕ್ಕ, ನಿಮಗೆ ವಾಸನೆ ಬರ್ತಾ ಇಲ್ಲ ಅಲ್ವಾ?"

"ಶೀತ."

"ಇಷ್ಟು ದಿನದಿಂದ ಶೀತಾನಾ? ಸರ್‌ಗೆ ಹೇಳ್ಬಿಡಿ. ನೀವು ಹೇಳದಿದ್ರೆ ನಾನೇ ಹೇಳ್ತೀನಿ."

"ಹೇಳು ನೋಡೋಣ. ಆಮೇಲೆ ಈ ಹೊಸ್ತಿಲು ಹೇಗೆ ತುಳೀತೀಯೋ ನಾನೂ ನೋಡ್ತೀನಿ."

ಓರಗಿತ್ತಿ ಹೇಳಲಿಲ್ಲ. ಆದರೆ ಅಂದಿನಿಂದ ಕತ್ತರಿಗೆ ಅವಳನ್ನು ಕಂಡರೆ ಸಿಟ್ಟಿನ ಜೊತೆಗೆ ಭಯ. ಭಯ ಸೇರಿದ ಮೇಲೆ ಸಿಟ್ಟು ಹತ್ತು ಪಟ್ಟಾಯಿತು. ಅವಳು ತೊಳೆದಿಟ್ಟ ಗಾಜನ್ನು ಕೊಳಕೆಂದು ಮತ್ತೆ ತೊಳೆಸಿದಳು. ಅವಳ ಬುತ್ತಿ ಡಬ್ಬಿಯನ್ನು ತನ್ನ ಮೇಜಿನಿಂದ ಕಿಟಕಿಯ ಬಿಸಿಲಿಗೆ ತಳ್ಳಿದಳು. ಓರಗಿತ್ತಿಯೂ ಸಾಧುವಲ್ಲ, ಇವಳು ಒಣಗಿಸಿಟ್ಟ ಪ್ರತಿ ಬುರುಡೆಯನ್ನೂ ಎಲ್ಲರೂ ನೋಡುವಂತೆ ಮೂಗಿನ ಹತ್ತಿರ ಒಯ್ದು, ಒಂದು ಮಾತೂ ಆಡದೆ ಕೆಳಗಿಡುತ್ತಿದ್ದಳು.

ಹಾಗಿರುವಾಗ ಒಂದು ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನಲ್ಲಿ ನೀರು ಖಾಲಿಯಾಯಿತು. ತಣ್ಣೀರು ನಿಂತದ್ದೇ ತಡ, ಹನಿಯಾಗಬೇಕಿದ್ದ ಹೆಕ್ಸೇನ್ ಆವಿ ಸದ್ದಿಲ್ಲದೆ ಕೋಣೆಗೆ ಇಳಿಯತೊಡಗಿತು. ಉಪಕರಣಕ್ಕೆ ಬೆನ್ನು ಹಾಕಿ ತೂಗುತ್ತಿದ್ದ ಕತ್ತರಿಗೆ ತಲೆ ಸ್ವಲ್ಪ ಭಾರವೆನಿಸಿತು. ಹಸಿವು ಅಂದುಕೊಂಡಳು.

"ಅಕ್ಕ! ಆಚೆ ಬನ್ನಿ! ಏನೂ ಮುಟ್ಟಬೇಡಿ!" ಬಾಗಿಲಲ್ಲಿ ಓರಗಿತ್ತಿ ಕಿರುಚಿದಳು.

ನನಗೇ ಅಪ್ಪಣೆ ಕೊಡುವಷ್ಟು ದೊಡ್ಡವಳಾದಳೇ ಎಂದು ಕತ್ತರಿ ತಿರುಗಿಯೂ ನೋಡಲಿಲ್ಲ. ಬೇಕೆಂದೇ ಒಲೆಪೆಟ್ಟಿಗೆಯ ಸ್ವಿಚ್ಚಿಗೆ ಕೈ ಚಾಚಿದಳು. ಓರಗಿತ್ತಿ ನುಗ್ಗಿ ಬಂದು ಆ ಕೈಯನ್ನು ಬಡಿದು, ಇವಳ ತುರುಬು ಹಿಡಿದು ದರದರನೆ ಹೊರಗಿನ ಕಾರಿಡಾರಿಗೆ ಎಳೆದು ತಂದಳು. ಹೊರಗಿನ ಮೇನ್ ಸ್ವಿಚ್ ಇಳಿಸಿದಳು.

ಕತ್ತರಿ ಅವಳ ಕೆನ್ನೆಗೆ ಪಟಾರನೆ ಬಾರಿಸಿದಳು. ಇನ್ನೊಂದು ಕೊಡಲು ಕೈಯೆತ್ತಿದಾಗ ಸುತ್ತ ನೆರೆದವರು ಅವಳ ಕಣ್ಣಿಗೆ ಬಿದ್ದರು. ಮುಖ್ಯಸ್ಥರ ಮೂಗಿಗೆ ಕರವಸ್ತ್ರ, ಜಾಡಮಾಲಿಯ ಮೂಗಿಗೆ ಸೆರಗು, ಉಳಿದವರಿಗೆ ಅಂಗಿಯ ತೋಳು, ಓರಗಿತ್ತಿಯ ಮೂಗಿಗೂ ಅಂಗೈ. ಮೂಗು ಮುಚ್ಚಿಕೊಳ್ಳದೆ ನಿಂತಿದ್ದವಳು ಕತ್ತರಿಯೊಬ್ಬಳೇ. ಎತ್ತಿದ ಕೈ ಹಾಗೇ ನಿಂತಿತು.

"ಅವರಿಗೆ ವಾಸನೆ ಗೊತ್ತಾಗಲ್ಲ ಸರ್," ಎಂದಳು ಓರಗಿತ್ತಿ, ಕೆನ್ನೆ ಉಜ್ಜಿಕೊಳ್ಳುತ್ತ. "ಬಹಳ ದಿನ ಆಯ್ತು." ಅವಳ ಕಣ್ಣಲ್ಲಿ ಗೆದ್ದ ಕಳೆ ಇತ್ತು, ಅದನ್ನು ಕತ್ತರಿ ಸರಿಯಾಗಿಯೇ ಗುರುತಿಸಿದಳು.

ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, "ಕೆಲಸದಿಂದ ಆಗಿರಬಹುದು, ಹಳೇ ಜ್ವರದಿಂದಲೂ ಆಗಿರಬಹುದು. ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ," ಎಂದರು. ಕಾರ್ಖಾನೆಯವರು ಅವಳನ್ನು ಗೋಧಿ ಗೋದಾಮಿಗೆ ಹಾಕಿದರು. ಅವಳ ಮೇಜಿಗೆ ಓರಗಿತ್ತಿ ಬಂದಳು.

ಮನೆಯಲ್ಲಿ ಕತ್ತರಿ ತನ್ನ ಒಲೆಯನ್ನು ಹಿತ್ತಲಿಗೆ ಸಾಗಿಸಿದಳು. ಗಂಡ ಒಮ್ಮೆ ಮೆತ್ತಗೆ, "ಅವಳು ಎಳೀದಿದ್ರೆ ನೀನು ಇರ್ತಿರಲಿಲ್ಲ ಕಣೇ," ಅಂದ.

"ಪ್ರಾಣ ಉಳಿಸಿದ್ಲು, ಹೌದು. ಅದಕ್ಕೇ ಜಾಸ್ತಿ ಉರಿಯೋದು. ಕೆಟ್ಟದ್ದು ಮಾಡಿದ್ರೆ ನಾಲ್ಕು ಬೈದು ಮರೀಬಹುದಿತ್ತು. ಇದನ್ನ ಏನ್ ಮಾಡ್ಲಿ?"

ಮೈದುನ ಬೇರೆ ಮನೆ ಮಾಡಿ, ಸಾಮಾನು ಗಾಡಿಗೆ ಏರಿಸಿದ ದಿನ ಓರಗಿತ್ತಿ ಹಿತ್ತಲಿಗೆ ಬಂದು ನಿಂತಳು. "ಬರ್ತೀನಿ ಅಕ್ಕ." ಕತ್ತರಿ ಬಟ್ಟೆ ಒಗೆಯುತ್ತಿದ್ದಳು, ಎತ್ತಿ ಎತ್ತಿ ಬಡಿದಳೇ ಹೊರತು ತಲೆಯೆತ್ತಲಿಲ್ಲ. ಗಾಡಿ ಹೊರಟ ಸದ್ದು ಕೇಳಿತು.

"ಆ ಬೀದಿ ಬಾಗಿಲು ಹಾಕಿ," ಎಂದು ಗಂಡನಿಗೆ ಕೂಗಿದಳು, "ಧೂಳು ಬರುತ್ತೆ."