ಕರಿಯ ಮೂರನೆಯ ಉತ್ತರ

ನಮ್ಮ ಚೆಸ್ ಬಳಗದಲ್ಲಿ ಒಂದು ಪದ್ಧತಿ ಇದೆ: ಆಡಲು ಬಂದ ಅತಿಥಿಗೆ ಬಿಳಿ ಕಾಯಿ, ಅಂದರೆ ಮೊದಲ ನಡೆ. ಟಾಸು ಗೀಸು ಏನೂ ಇಲ್ಲ. ಹರಿಹರದವರು ದಾವಣಗೆರೆಗೆ ಬಂದರೆ ಬಿಳಿ ಅವರದು, ನಾವು ಹರಿಹರಕ್ಕೆ ಹೋದರೆ ನಮ್ಮದು. ಹೀಗಾಗಿ ಬಳಗದ ಗಟ್ಟಿಗನಿಗೆಂದೇ ಇರುವ ಮೊದಲ ಬೋರ್ಡಿನಲ್ಲಿ ಕೂರುವ ನಾನು ಹರಿಹರದಲ್ಲಿ ಹುಲಿ, ಸ್ವಂತ ಊರಿನಲ್ಲಿ ಇಲಿ.

ಇಲಿ ಮಾಡಿದವರು ಹರಿಹರದಲ್ಲಿ ಮಂಚ, ಬೀರು ಮಾಡಿಸಿ ಮಾರುವ ಒಬ್ಬ ಸಾಹೇಬರು. ನಾನು ಅವರನ್ನು ಭಾಯಿ ಎನ್ನುತ್ತೇನೆ. ಬಿಳಿ ಸಿಕ್ಕರೆ ಅವರದು ಒಂದೇ ಆಟ. ಮೊದಲು ರಾಜನ ಮುಂದಿನ ಕಾಲಾಳು ಎರಡು ಮನೆ. ನಾನೂ ಹಾಗೇ ನಡೆಸಿದ ಕೂಡಲೇ, ಅದರ ಪಕ್ಕದ ಕಾಲಾಳನ್ನು ತಂದು ನನ್ನ ಬಾಯಿಗೇ ಇಡುತ್ತಾರೆ. ಪುಕ್ಕಟೆ. ತಿಂದರೆ ತಿನ್ನಬಹುದು. ಇದಕ್ಕೆ ಗ್ಯಾಂಬಿಟ್ ಎನ್ನುತ್ತಾರೆ; ಕೊಟ್ಟವರು ಆಮೇಲೆ ಹತ್ತು ಪಟ್ಟು ವಸೂಲಿ ಮಾಡುತ್ತಾರೆ.

ಕರಿಗೆ ಇರುವ ಉತ್ತರಗಳಲ್ಲಿ ನನ್ನ ತಲೆಗೆ ಹಿಡಿಸಿದ್ದು ಮೂರು. ಮೊದಲನೆಯದು, ತಿನ್ನದೇ ಒಂಟೆಯನ್ನು ಹೊರಗೆ ತಂದು ದೂರದಿಂದ ಬಿಳಿಯ ರಾಜನ ಕೋಟೆಯ ದಾರಿಗೆ ಅಡ್ಡ ನಿಲ್ಲಿಸುವುದು. ಅದನ್ನು ಒಮ್ಮೆ ಮಾಡಿದೆ. ಭಾಯಿ ನೊಂದವರಂತೆ ತಲೆಯಾಡಿಸಿದರು. “ಏನ್ರಿ ಸರ್, ಪ್ರೀತಿಯಿಂದ ಕೊಟ್ರೆ ಬ್ಯಾಡ ಅಂತೀರಿ? ಇಸ ಹಾಕಿಲ್ಲ ತಿನ್ರಿ.” ಸುತ್ತ ನಿಂತವರು ನಕ್ಕರು. ಆ ನಗೆಯಲ್ಲೇ ನನ್ನ ಲೆಕ್ಕ ತಪ್ಪಿತು, ಸೋತೆ.

ಎರಡನೆಯದು, ತಿಂದು ಕಾಯುವುದು. ಮುಂದೆ ಹೋಗಿ ನಿಂತ ನನ್ನ ಕಾಲಾಳಿಗೆ ಪಕ್ಕದ ಕಾಲಾಳಿನ ಕಾವಲು, ಆ ಕಾವಲಿಗೆ ಮತ್ತೊಂದು ಕಾವಲು. ಬೀಗ ಹಾಕಿ ಎಳೆದು ನೋಡಿ, ಬೀದಿಯ ತುದಿಯಿಂದ ವಾಪಸ್ ಬಂದು ಇನ್ನೊಮ್ಮೆ ಎಳೆಯುವ ನನ್ನಂಥವನಿಗೆ ಹೇಳಿ ಮಾಡಿಸಿದ ಆಟ. ಒಂದು ಕಾಲಾಳು ಉಳಿಸಲು ಮನೆಮಂದಿಯನ್ನೆಲ್ಲ ಬೀದಿಗೆ ತಂದು, ರಾಜನನ್ನು ಒಬ್ಬನನ್ನೇ ಬಿಟ್ಟು, ನಾನು ಸೋತ ಉಳಿದ ಆಟಗಳೆಲ್ಲ ಈ ಬಗೆಯವು.

ಹಿಂದಿನ ಸೋಲಿನ ಬಳಿಕ ನಮ್ಮ ಬಳಗದ ಹಿರಿಯರು, ಬ್ಯಾಂಕಿನಿಂದ ನಿವೃತ್ತರಾದವರು, ಕೆ.ಬಿ. ಬಡಾವಣೆಯಲ್ಲಿ ನಾವು ಆಡುವ ಮಹಡಿ ಕೋಣೆಯ ಮೆಟ್ಟಿಲಲ್ಲೇ ನನ್ನನ್ನು ನಿಲ್ಲಿಸಿದರು.

“ಬರೋ ಸಲ ಡ್ರಾ ಆದ್ರೂ ಮಾಡ್ರಿ. ಇಲ್ಲಾಂದ್ರೆ ಸುಮ್ನೆ ಎರಡ್ನೇ ಬೋರ್ಡಿಗೆ ಕೂಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತೆ.”

“ಇಲ್ಲ ಬಿಡ್ರಿ,” ಎಂದೆ. ಬೇಸರವಾಗಿತ್ತು. ಎರಡನೇ ಬೋರ್ಡು ಅದೇ ಮೇಜಿನ ಆ ತುದಿ, ಅಷ್ಟೇ. ಆದರೆ ಓದಿನಲ್ಲಿ, ನೌಕರಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ ನಾನು ಮೊದಲಿಗನಾದದ್ದಿಲ್ಲ. ಆದದ್ದು ಆ ಕುರ್ಚಿಯಲ್ಲಿ ಮಾತ್ರ.

ಮೂರನೆಯ ಉತ್ತರ ನನಗೆ ಗೊತ್ತಿಲ್ಲದ್ದೇನಲ್ಲ: ತಿನ್ನು, ಮರುಗಳಿಗೆಗೇ ನಿನ್ನದೊಂದನ್ನು ನಡುವಿನಲ್ಲಿ ಕೊಟ್ಟುಬಿಡು, ಕಾಯಿಗಳನ್ನು ಬೇಗ ಹೊರಗೆ ತಾ. ಗೊತ್ತಿತ್ತು, ಧೈರ್ಯವಿರಲಿಲ್ಲ. ಕೈಗೆ ಬಂದದ್ದನ್ನು ಬಿಡುವುದು ಹೇಗೆ?

ಆ ವಾರ ಅಡುಗೆಮನೆಯಲ್ಲಿ ಪಕ್ಕದ ಮನೆಯವರ ಸ್ಟೀಲ್ ಡಬ್ಬಿಯೊಂದು ಕೂತಿತ್ತು. ಅವರು ಹೋಳಿಗೆ ಕಳಿಸಿದ್ದರು. ಡಬ್ಬಿಯನ್ನು ಖಾಲಿ ಕೊಡಬಾರದು. ಏನು ಹಾಕಿ ಕೊಟ್ಟರೆ ಸರಿಸಮ ಎಂದು ನಾನು ದಿನವೂ ಒಂದೊಂದು ಸಲಹೆ ಕೊಟ್ಟು, ನಾನೇ ತಳ್ಳಿಹಾಕುತ್ತಿದ್ದೆ. ಕೊನೆಗೆ ಹೆಂಡತಿ ಎರಡು ಹಿಡಿ ಅವಲಕ್ಕಿ ಚೂಡಾ ಸುರಿದು ಮುಚ್ಚಳ ಒತ್ತಿದಳು.

“ಹೋಳಿಗೆ ತಿಂದು ಎಷ್ಟು ದಿನ ಆತು? ಆ ಡಬ್ಬಿ ಕಾಯ್ಕೊಂಡು ಕುಂತೀರಲ್ಲ, ನಿಮ್ದೇನು ಕೆಲಸ ಐತೆ ಅದರಾಗೆ? ಕೊಟ್ಟು ಬರ್ರಿ. ಜಾಗ ಆದ್ರೂ ಆಗ್ತೈತೆ.”

ಕೊಟ್ಟು ಬಂದೆ. ಅವರು ತೆರೆದೂ ನೋಡಲಿಲ್ಲ, “ಇದೆಲ್ಲ ಯಾಕ್ರಿ” ಎಂದು ಒಳಗಿಟ್ಟರು. ವಾಪಸ್ ಬರುವ ನಾಲ್ಕು ಹೆಜ್ಜೆಯಲ್ಲಿ ಎದೆ ಹಗುರಾಯಿತು. ಆಗಲೇ ತೀರ್ಮಾನಿಸಿದೆ.

ಭಾನುವಾರ ಭಾಯಿ ಬಂದರು, ಚಹಾ ಕುಡಿದರು, ಕಾಲಾಳು ಕೊಟ್ಟರು. ತಿಂದೆ. ಅವರ ಕುದುರೆ ಹೊರಬಂತು. ನಾನು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ ಅವರ ಕಾಲಾಳಿನ ಎದುರು ಬಿಟ್ಟೆ.

ಅವರು ಕನ್ನಡಕ ಮೇಲೇರಿಸಿದರು. “ಇದೇನ್ರಿ ಸರ್, ಇಷ್ಟ್ ಬೇಗ ವಾಪಸ್?”

“ತಗೋಳ್ರಿ ಭಾಯಿ. ಇಸ ಹಾಕಿಲ್ಲ.”

ತೆಗೆದುಕೊಂಡರು. ಒಂಟೆಯಿಂದ ಶಹ ಕೊಟ್ಟರು, ನಾನು ಕಾಲಾಳು ಅಡ್ಡ ಇಟ್ಟೆ. ಹೊಡೆದರು, ಕುದುರೆಯಿಂದ ತಿರುಗಿ ಹೊಡೆದೆ. ಇಬ್ಬರ ರಾಜರೂ ಕೋಟೆ ಸೇರುವ ಹೊತ್ತಿಗೆ ಕಾಯಿಗಳು ಸರಿಸಮ. ನಾನು ಮೊದಲು ತಿಂದು ಮುಂದೆ ಹೋದ ಕಾಲಾಳು ಮಾತ್ರ ಅವರ ಅಂಗಳದ ಬಾಗಿಲಲ್ಲಿ ಇನ್ನೂ ನಿಂತಿತ್ತು. ಅದಕ್ಕೆ ಒಂದು ಒಂಟೆಯ ಕಾವಲಿತ್ತು. ನನ್ನ ಜೀವಕ್ಕೆ ಒಂದು ಕಾವಲು ಸಾಲದು. ಕೈ ತಾನಾಗಿಯೇ ಪಕ್ಕದ ಕಾಲಾಳಿನ ಕಡೆ ಹೊರಟಿತು. ಮುಟ್ಟಿದರೆ ನಡೆಸಲೇಬೇಕು. ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಮತ್ತೊಂದು ಕೈಯಿಂದ ಇನ್ನೊಂದು ಒಂಟೆ ತಂದು, ಅವರ ಕುದುರೆ ಕದಲಿದರೆ ಹಿಂದಿನ ಮಂತ್ರಿ ಹೋಗುವಂತೆ ಕಟ್ಟಿಹಾಕಿದೆ.

ಮುಂದೆ ಆ ಒಂಟೆಯಿಂದ ಅದೇ ಕುದುರೆಯನ್ನು ಹೊಡೆದೆ. ಮಂತ್ರಿಯಿಂದ ತಿರುಗಿ ಹೊಡೆದರೆ ಅವರ ನಡುವಿನ ಕಾಲಾಳು ಹೋಗುತ್ತಿತ್ತು. ಅವರು ಕೋಟೆಯಲ್ಲಿ ರಾಜನ ಮುಂದೆ ನಿಂತಿದ್ದ ಕಾಲಾಳಿನಿಂದ ಹೊಡೆದರು. ಕೋಟೆಯ ಬಾಗಿಲು ತೆರೆಯಿತು. ನಾನು ಕುದುರೆಯನ್ನು ಅಂಚಿಗೆ ಜಿಗಿಸಿದೆ. ಭಾಯಿ ಬಹಳ ಹೊತ್ತು ನೋಡಿ ಕೈ ಚಾಚಿದರು. “ಸಾಕು ಬಿಡ್ರಿ ಸರ್. ಡ್ರಾ ಮಾಡೋಣು.”

ಹಿರಿಯರು ನನ್ನ ಬೆನ್ನ ಹಿಂದೆ ಕೆಮ್ಮಿದರು. ಡ್ರಾ ಸಾಕಿತ್ತು. ಕುರ್ಚಿ ಉಳಿಯುತ್ತಿತ್ತು. ಬೋರ್ಡು ನೋಡಿದೆ, ಹೆದರಲು ಕಾರಣ ಹುಡುಕಿದೆ, ಆ ವಿದ್ಯೆಯಲ್ಲಿ ನಾನು ಪಳಗಿದವನು. ಸಿಗಲಿಲ್ಲ.

“ಬ್ಯಾಡ ಭಾಯಿ. ಆಡ್ರಿ.”

ನನ್ನ ಮಂತ್ರಿ ಶಹ ಕೊಟ್ಟಿತು, ಅವರ ರಾಜ ಮೂಲೆಗೆ ಸರಿದ. ನನ್ನ ಕುದುರೆ, ಅವರ ಅಂಗಳದ ಬಾಗಿಲಲ್ಲಿದ್ದ ಆ ಕಾಲಾಳಿನ ಆಸರೆಯಲ್ಲಿ, ಅವನ ಬುಡಕ್ಕೇ ಹೋಗಿ ನಿಂತಿತು; ಹೊಡೆದರೂ ಬಿಟ್ಟರೂ ಆಟ ಉಳಿಯುತ್ತಿರಲಿಲ್ಲ. ಭಾಯಿ ರಾಜನನ್ನು ಮಲಗಿಸಿದರು, ಆದರೆ ಏಳಲಿಲ್ಲ. “ಎಲ್ಲಿ ತಪ್ಪಿದೆ ಹೇಳ್ರಿ,” ಎಂದು ಕಾಯಿಗಳನ್ನು ಮತ್ತೆ ಜೋಡಿಸತೊಡಗಿದರು. ನಾನು ಮಹಾ ಪಂಡಿತನಂತೆ ಬೆರಳಿಟ್ಟು ತೋರಿಸುತ್ತ, ಅವರು ವಾದಿಸುತ್ತ, ಉಳಿದ ಆಟಗಳೆಲ್ಲ ಮುಗಿದರೂ ನಮ್ಮದು ಮುಗಿಯಲಿಲ್ಲ.

“ಮೊದಲ್ನೇ ಬೋರ್ಡು ನಿಮ್ದೇ ಐತೆ, ಎಲ್ಲೂ ಓಡಿಹೋಗಂಗಿಲ್ಲ,” ಎಂದರು ಹಿರಿಯರು, ಬೀಗದ ಕೈ ಅಲ್ಲಾಡಿಸುತ್ತ. “ಈಗ ಏಳ್ರಿ ಇಬ್ರೂ, ಕೋಣೆ ಬೀಗ ಹಾಕ್ಬೇಕು.”